ಬಿಸಿಲ ನಾಡಿನ ಮನೆಗೆ ಒಳಾಂಗಣ: ಓದುಗರ ಪ್ರಶ್ನೆ, ವಿನ್ಯಾಸಕರ ಉತ್ತರ

ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಮನೆಗಳ ಒಳಾಂಗಣ ವಿನ್ಯಾಸಕರೊಬ್ಬರು ಈ ಸಂಚಿಕೆಯಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಹೊಸ ಮನೆ ಕಟ್ಟಿ ಮುಗಿಸಿದ್ದೇವೆ. ಮಲಗುವ ಕೋಣೆ ಪೂರ್ವ–ಪಶ್ಚಿಮ 11 ಅಡಿ, ಉತ್ತರ–ದಕ್ಷಿಣ 10 ಅಡಿ ಇದೆ. ಪಶ್ಚಿಮದ ಗೋಡೆಗೆ ಸಂಜೆಯವರೆಗೂ ಬಿಸಿಲು ಬೀಳುತ್ತದೆ; ಕಿಟಕಿ ಉತ್ತರಕ್ಕಿದೆ. ಮೊಬೈಲಿನಲ್ಲಿ ನೋಡಿದ ಚಿತ್ರಗಳಂತೆ ಫಾಲ್ಸ್ ಸೀಲಿಂಗ್, ಮಂಚದ ಹಿಂದೆ ಮೆತ್ತನೆಯ ಫಲಕ, ಬಣ್ಣದ ದೀಪಗಳನ್ನು ಹಾಕಿಸಬೇಕೆಂದಿದ್ದೇವೆ. ಯಾವುದರಿಂದ ಆರಂಭಿಸಬೇಕು?
— ಓದುಗರು, ರಾಯಚೂರು

ಉತ್ತರ: ನೀವು ಕೇಳಿದ ಮೂರರಿಂದಲೂ ಅಲ್ಲ, ಪಶ್ಚಿಮದ ಗೋಡೆಯಿಂದ ಆರಂಭಿಸಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಿಮ್ಮ ಊರಿನಲ್ಲಿ ಆ ಗೋಡೆಯು ಮಧ್ಯಾಹ್ನದಿಂದ ಹೀರಿಕೊಂಡ ಕಾವನ್ನು ಸರಿಯಾಗಿ ನೀವು ಮಲಗುವ ಹೊತ್ತಿಗೆ ಒಳಗೆ ಬಿಡತೊಡಗುತ್ತದೆ. ಮಂಚದ ತಲೆಭಾಗವನ್ನು ಅದಕ್ಕೆ ತಾಗಿಸಿ, ಹಿಂದೆ ಎಷ್ಟೇ ಚೆಂದದ ಫಲಕ ಜೋಡಿಸಿದರೂ, ಮಳೆ ಬೀಳುವವರೆಗೆ ಮನೆಮಂದಿಯೆಲ್ಲ ಪಡಸಾಲೆಯ ಬರಿನೆಲದ ಮೇಲೆ ಮಲಗುವುದು ತಪ್ಪುವುದಿಲ್ಲ. ಆದುದರಿಂದ ಆ ಗೋಡೆಯುದ್ದಕ್ಕೂ ಬಟ್ಟೆಯ ಕಪಾಟನ್ನು ಮಾಡಿಸಿ, ಗೋಡೆಗೂ ಕಪಾಟಿನ ಬೆನ್ನಿಗೂ ನಡುವೆ ಒಂದು ಅಂಗುಲ ಸಂದು ಬಿಡಿಸಿ. ಎರಡು ಅಡಿ ಆಳದ ಕಪಾಟು, ಅದರೊಳಗಿನ ಬಟ್ಟೆ, ಹಿಂದಿನ ಗಾಳಿಯ ಪದರ ಮೂರೂ ಸೇರಿ ಕಾವನ್ನು ನಿಮ್ಮಿಂದ ದೂರದಲ್ಲಿ ತಡೆಯುತ್ತವೆ.

ಅಳತೆಯೂ ಇದಕ್ಕೆ ಒಗ್ಗುತ್ತದೆ. ಕಪಾಟು ಹೋಗಿ ಉಳಿಯುವ ಸುಮಾರು 9 ಅಡಿಯಲ್ಲಿ 5 ಅಡಿ ಅಗಲದ ಮಂಚವನ್ನು ದಕ್ಷಿಣಕ್ಕೆ ತಲೆಯಾಗುವಂತೆ ಇಟ್ಟರೆ ಹಿರಿಯರ ರೂಢಿಯೂ ಉಳಿಯುತ್ತದೆ. ಕಪಾಟಿನ ಕಡೆಗೆ ಎರಡೂವರೆ ಅಡಿ, ಇನ್ನೊಂದು ಮಗ್ಗುಲಿಗೆ ಒಂದೂವರೆ ಅಡಿ ದಾರಿಯೂ ಸಿಗುತ್ತದೆ. ಎರಡೂವರೆ ಅಡಿಗಿಂತ ಕಡಿಮೆಯಾದರೆ ಬಾಗಿಲು ತೆರೆದು ನಿಂತವರು ಮಂಚದ ಮೇಲೆ ಕೂತೇ ಬಟ್ಟೆ ತೆಗೆಯಬೇಕಾಗುತ್ತದೆ. ಬಡಗಿಗೆ ಮುಂಗಡ ಕೊಡುವ ಮೊದಲು ಮಂಚ, ಕಪಾಟು ಮತ್ತು ತೆರೆದ ಬಾಗಿಲಿನ ಅಳತೆಗಳನ್ನು ಖಾಲಿ ಕೋಣೆಯ ನೆಲದ ಮೇಲೆ ರಂಗೋಲಿ ಪುಡಿಯಿಂದ ಬರೆದು, ಆ ಗೆರೆಗಳ ನಡುವೆ ಒಂದೆರಡು ದಿನ ಓಡಾಡಿ ನೋಡಿ. ಕಂಪ್ಯೂಟರಿನ ಬಣ್ಣದ ಚಿತ್ರದಲ್ಲಿ ಕಾಣದ ಇಕ್ಕಟ್ಟು ಅಲ್ಲಿ ಮೊಣಕಾಲಿಗೆ ತಿಳಿಯುತ್ತದೆ.

ಉತ್ತರದ ಕಿಟಕಿಗೆ ಬಿಸಿಲಿನ ಭಯವಿಲ್ಲವೆಂಬ ಮಾತು ನಮ್ಮ ಭಾಗದಲ್ಲಿ ಪೂರ್ತಿ ನಿಜವಲ್ಲ. ರಾಯಚೂರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರುವುದರಿಂದ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಸೂರ್ಯನು ನಡುಹಗಲಿನಲ್ಲಿಯೂ ನೆತ್ತಿಗಿಂತ ತುಸು ಉತ್ತರದಲ್ಲಿಯೇ ಇರುತ್ತಾನೆ, ಬೆಳಿಗ್ಗೆ ಮತ್ತು ಸಂಜೆ ಆ ಕಿಟಕಿಯಿಂದ ಓರೆಯಾಗಿ ಇಣುಕುತ್ತಾನೆ. ಒಳಗೆ ದಪ್ಪ ಪರದೆ ಹಾಕಿದರೆ ಬೆಳಕು ನಿಲ್ಲುತ್ತದೆಯೇ ಹೊರತು ಗಾಜನ್ನು ದಾಟಿ ಬಂದ ಕಾವು ಒಳಗೇ ಉಳಿಯುತ್ತದೆ. ಕಿಟಕಿಯ ಹೊರಗೆ ಬಿದಿರಿನ ಚಿಕ್ (ಸುತ್ತಿಡಬಹುದಾದ ಕಡ್ಡಿಯ ಪರದೆ) ಅಥವಾ ಬೇಸಿಗೆಯಲ್ಲಿ ಲಾವಂಚದ ತಟ್ಟಿ ಕಟ್ಟುವುದು ಇದಕ್ಕಿಂತ ಎಷ್ಟೋ ಮೇಲು. ಆ ಕಿಟಕಿಯಲ್ಲಿ ಏರ್ ಕೂಲರ್ ಕೂರಿಸುವಿರಾದರೆ, ತೇವದ ಗಾಳಿ ಹೊರಹೋಗಲು ಎದುರಿಗೆ ಒಂದು ಬಾಗಿಲೋ ಕಿಂಡಿಯೋ ತೆರೆದಿರಬೇಕು. ಕೂಲರಿನ ತೇವ ತಾಗುವ ಕಪಾಟಿನ ಪಕ್ಕದ ಹಲಗೆಗೆ ಒಳಗೂ ಹೊರಗೂ ಲ್ಯಾಮಿನೇಟ್ ಹಾಳೆ ಅಂಟಿಸಿ, ಅಂಚುಗಳನ್ನೆಲ್ಲ ಪಟ್ಟಿಯಿಂದ ಮುಚ್ಚಿಸಬೇಕು. ಇಲ್ಲವಾದರೆ ಬೇಸಿಗೆಯ ಕೊನೆಗೆ ಹಲಗೆ ಉಬ್ಬಿ ಬಾಗಿಲು ಕೂರುವುದಿಲ್ಲ.

ಫಾಲ್ಸ್ ಸೀಲಿಂಗಿಗೆ ಎತ್ತಿಟ್ಟ ಹಣದಲ್ಲಿ ಮೊದಲು ತಾರಸಿಯ ಮೇಲೆ ಬಿಳಿಯ ಪ್ರತಿಫಲಕ ಬಣ್ಣ ಬಳಿಸಿ. ಕಾವನ್ನು ಸ್ಲ್ಯಾಬಿಗೆ ಇಳಿಯುವ ಮೊದಲೇ ಹಿಂದಿರುಗಿಸುವುದು, ಇಳಿದ ಮೇಲೆ ಕೆಳಗಿನಿಂದ ಮುಚ್ಚುವುದಕ್ಕಿಂತ ಜಾಣತನ. ಹಣ ಉಳಿದರೆ ಫಾಲ್ಸ್ ಸೀಲಿಂಗ್ ಮಾಡಿಸಲು ಅಡ್ಡಿಯಿಲ್ಲ. ಆದರೆ ಫ್ಯಾನಿನ ರೆಕ್ಕೆಗಳು ನೆಲದಿಂದ ಕನಿಷ್ಠ 7 ಅಡಿ ಮೇಲಿರಲಿ, ಮೇಲ್ಛಾವಣಿಯಿಂದ ಸುಮಾರು ಒಂದು ಅಡಿ ಕೆಳಗಿರಲಿ. ಬಣ್ಣದ ದೀಪಗಳ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ. ಗೃಹಪ್ರವೇಶದ ದಿನ ಎಲ್ಲರೂ ಹಚ್ಚಿ ನೋಡುತ್ತಾರೆ.

ಪ್ರಶ್ನೆ: ಮಾಡ್ಯುಲರ್ ಅಡುಗೆಮನೆ ಮಾಡಿಸುತ್ತಿದ್ದೇವೆ. ಬೆಂಗಳೂರಿನಿಂದ ತರಿಸಿದ ನಕ್ಷೆಯಲ್ಲಿ ಕಟ್ಟೆಯ ಎತ್ತರ ಎಲ್ಲ ಕಡೆ 34 ಅಂಗುಲವಿದೆ. ನಮ್ಮಲ್ಲಿ ದಿನಾ ಜೋಳದ ರೊಟ್ಟಿ ಆಗಲೇಬೇಕು. ಆ ಎತ್ತರದಲ್ಲಿ ನಿಂತು ರೊಟ್ಟಿ ಬಡಿಯಲು ಆಗದೆಂದು ಅತ್ತೆಯವರು ಹೇಳುತ್ತಾರೆ. ಹೊಲದಿಂದ ಬರುವ ಅಕ್ಕಿ, ಜೋಳದ ಚೀಲಗಳಿಗೂ ನಕ್ಷೆಯಲ್ಲಿ ಜಾಗವಿಲ್ಲ.
— ಗೃಹಿಣಿ, ಸಿಂಧನೂರು

ಉತ್ತರ: ಅತ್ತೆಯವರ ಮಾತೇ ಸರಿ. ತರಕಾರಿ ಹೆಚ್ಚಲು ಮೊಳಕೈಗಿಂತ ನಾಲ್ಕೈದು ಅಂಗುಲ ಕೆಳಗಿನ ಕಟ್ಟೆ ಸಾಕು. 34 ಅಂಗುಲದ ಲೆಕ್ಕ ಬರುವುದು ಅಲ್ಲಿಂದ. ಹಿಟ್ಟು ನಾದುವಾಗ ಮತ್ತು ರೊಟ್ಟಿ ಬಡಿಯುವಾಗ ತೋಳಿನ ಬಲವೊಂದೇ ಸಾಲದು, ಮೈಭಾರವೂ ಮೇಲಿನಿಂದ ಇಳಿಯಬೇಕು. ಕಟ್ಟೆ ಎತ್ತರವಾದಷ್ಟೂ ಹೆಗಲು ಮೇಲೇರಿ ನಾಲ್ಕನೆಯ ರೊಟ್ಟಿಗೇ ಭುಜ ನೋಯತೊಡಗುತ್ತದೆ. ಒಲೆಯ ಬಲಕ್ಕೆ ಮೂರು ಅಡಿ ಉದ್ದದ ಭಾಗವನ್ನು 28ರಿಂದ 30 ಅಂಗುಲ ಎತ್ತರಕ್ಕೆ ಇಳಿಸಿ, ಅದನ್ನು ರೊಟ್ಟಿಯ ಕಟ್ಟೆಯೆಂದೇ ಗೊತ್ತುಮಾಡಿ. ಎಡಗೈ ರೂಢಿಯವರಾದರೆ ಎಡಕ್ಕೆ. ಖಚಿತ ಎತ್ತರವನ್ನು ನಕ್ಷೆಯಿಂದ ತೆಗೆದುಕೊಳ್ಳಬೇಡಿ. ಮೇಜೊಂದರ ಮೇಲೆ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ರೊಟ್ಟಿ ಮಾಡುವವರೇ ನಿಂತು ಬಡಿದು ನೋಡಿ ಒಪ್ಪಿದ ಎತ್ತರವನ್ನು ಅಳೆದುಕೊಳ್ಳಿ. ಅತ್ತೆಯವರೂ ನೀವೂ ಸರದಿಯಲ್ಲಿ ಮಾಡುವುದಾದರೆ ಗಿಡ್ಡಗಿರುವವರ ಅಳತೆ ನಡೆಯಲಿ, ಎತ್ತರದವರು ತುಸು ಬಾಗಬಹುದು.

ಈ ಕಟ್ಟೆಯ ಕೆಳಗೆ ಡ್ರಾಯರ್ ಬೇಡ. ಬಡಿಯುವಾಗ ಹಾರುವ ಹಿಟ್ಟು ಡ್ರಾಯರು ಜಾರುವ ಚಾನೆಲ್‌ಗಳಲ್ಲಿ ಕೂತು, ಎಣ್ಣೆಯ ಜಿಡ್ಡಿನೊಂದಿಗೆ ಬೆರೆತು ಗಟ್ಟಿಯಾಗುತ್ತದೆ. ವರ್ಷ ತುಂಬುವುದರೊಳಗೆ ಎಳೆದರೆ ಬಾರದಂತಾಗುತ್ತದೆ. ಸಾದಾ ಬಾಗಿಲು ಸಾಕು, ಒಳಗೆ ಹಿಟ್ಟಿನ ಡಬ್ಬಿ, ಪರಾತ, ಹಂಚುಗಳನ್ನು ಇಡಬಹುದು. ಗ್ರಾನೈಟ್ ಹಲಗೆಗೆ ಬಡಿತ ಬೀಳುವ ನಡುಭಾಗದಲ್ಲಿ ಕೆಳಗಿನಿಂದ ಆಧಾರ ಕೊಡಿಸಿ. ಸದ್ದೂ ಕಡಿಮೆಯಾಗುತ್ತದೆ, ಸೀಳುವ ಭಯವೂ ಇರುವುದಿಲ್ಲ. ರೊಟ್ಟಿ ಸುಡುವ ಒಲೆ ಕಿಟಕಿಯ ನೇರಕ್ಕೆ ಬಂದರೆ ಗಾಳಿಗೆ ಉರಿ ಓಡಾಡಿ ರೊಟ್ಟಿ ಒಂದು ಕಡೆ ಹಸಿಯಾಗಿಯೇ ಉಳಿಯುತ್ತದೆ. ಕಿಟಕಿಯ ಕೆಳಗೆ ಸಿಂಕ್ ಇರಲಿ, ಒಲೆ ಪಕ್ಕದ ಗೋಡೆಗೆ ಸರಿಯಲಿ. ಶೇಂಗಾ, ಗುರೆಳ್ಳು, ಅಗಸೆಯ ಚಟ್ನಿಪುಡಿಗಳಿಗೆ ಕೈಯೆಟುಕಿನಲ್ಲಿ ನಾಲ್ಕು ಅಂಗುಲ ಆಳದ ಒಂದು ಗೂಡು ಸಾಕು. ಇಂಥ ಗೂಡುಗಳು ನಮ್ಮ ಹಳೆಯ ಮನೆಗಳ ದಪ್ಪ ಗೋಡೆಗಳಲ್ಲಿ ಬೇಕಾದಷ್ಟಿದ್ದವು. ಈಗ ಅದೇ ಗೂಡನ್ನು ಬೇರೆ ಹೆಸರಿನಲ್ಲಿ ಮಾರುತ್ತಾರೆ.

ಚೀಲಗಳಿಗಾಗಿ ನಕ್ಷೆಯ ಒಂದು ಮೂಲೆಯನ್ನು ತಳಹಲಗೆಯಿಲ್ಲದೆ ಬಿಡಿಸಿ. ಅಲ್ಲಿ ನೆಲದಿಂದ ನಾಲ್ಕು ಅಂಗುಲ ಮೇಲೆ ಕಡಪ ಕಲ್ಲಿನ ಜಗಲಿ ಮಾಡಿಸಿ, ಅದರ ಮೇಲೆ ಸಂದು ಬಿಟ್ಟು ಜೋಡಿಸಿದ ಮರದ ಪಟ್ಟಿಗಳನ್ನು ಹಾಸಿದರೆ ಚೀಲದ ತಳಕ್ಕೆ ತೇವ ಏರುವುದಿಲ್ಲ. ಬಾಗಿಲಿಗೆ ಜಾಲರಿ ಇರಲಿ. ಗಾಳಿಯಾಡದೆ ಮುಚ್ಚಿದ ಮೂಲೆಯಲ್ಲಿ ಧಾನ್ಯಕ್ಕೆ ಬೇಗ ಹುಳು ಬೀಳುತ್ತದೆ. ಸಿಂಕಿನ ಕೆಳಗಿನ ಪೆಟ್ಟಿಗೆಗೆ ಎಂ.ಡಿ.ಎಫ್. (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯನ್ನು ಎಷ್ಟೇ ಅಗ್ಗವಾದರೂ ಒಪ್ಪಬೇಡಿ. ಒಮ್ಮೆ ನೀರು ಕುಡಿದು ಉಬ್ಬಿದರೆ ಅದು ಮತ್ತೆ ಮೊದಲಿನಂತಾಗದು.

ಪ್ರಶ್ನೆ: ನಮ್ಮ ಮನೆ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಹತ್ತಿರವಿದೆ. ಬಿಳಿ ಗೋಡೆ, ತೆರೆದ ಶೆಲ್ಫ್ ನಮ್ಮ ಮಗಳ ಆಸೆ. ಕೆಂಪು ಧೂಳಿನಲ್ಲಿ ಇದು ನಡೆಯುತ್ತದೆಯೇ?
— ಓದುಗರು, ಸಂಡೂರು

ಉತ್ತರ: ಬಿಳಿ ಗೋಡೆ ನಡೆಯುತ್ತದೆ, ತೆರೆದ ಶೆಲ್ಫ್ ನಡೆಯುವುದಿಲ್ಲ. ಕಬ್ಬಿಣದ ಅದಿರಿನ ಧೂಳು ನುಣುಪಾದುದು, ಒದ್ದೆ ಬಟ್ಟೆ ತಾಗಿದ ಕೂಡಲೆ ಕಾವಿಯಂತೆ ಹರಡುತ್ತದೆ. ಆದ್ದರಿಂದ ತೊಳೆಯಲು ಬರುವ, ತೀರ ಹೊಳೆಯದ ಬಣ್ಣವನ್ನು ಆರಿಸಿ, ಮೊದಲು ಒಣಬಟ್ಟೆಯಿಂದ ಒರೆಸಿದ ಮೇಲೆಯೇ ಒದ್ದೆ ಬಟ್ಟೆ ಹಿಡಿಯುವ ರೂಢಿ ಮಾಡಿಕೊಳ್ಳಿ. ಅಚ್ಚ ಬಿಳಿಗಿಂತ ಕೆನೆ ಬಣ್ಣ ಅಥವಾ ಮಾಸಲು ಗುಲಾಬಿಯಂಥ ಮಣ್ಣಿನ ಛಾಯೆ ಧೂಳನ್ನು ಮರೆಸುತ್ತದೆ. ಮಗಳು ಒಪ್ಪದಿದ್ದರೆ ನೆಲದಿಂದ ಮೂರು ಅಡಿಯವರೆಗೆ ಮಾತ್ರ ಈ ಬಣ್ಣ ಬಳಿದು ಮೇಲೆ ಬಿಳಿ ಬಿಡಿ. ಕಪಾಟಿನ ಬಾಗಿಲುಗಳಲ್ಲಿ ಗೀರು, ಚೌಕಟ್ಟು, ಕೆತ್ತನೆ ಬೇಡ. ಪ್ರತಿ ಗೀರೂ ಧೂಳಿನ ತೋಡಾಗುತ್ತದೆ. ಶೆಲ್ಫ್ ಬೇಕೇ ಬೇಕೆಂದರೆ ಗಾಜಿನ ಬಾಗಿಲಿರಲಿ.

ನಿಮ್ಮೂರಿನ ಲಂಬಾಣಿ ಕಸೂತಿಯನ್ನು ಮನೆಯಲ್ಲಿ ಬಳಸುವವರಿಗೆ ಒಂದು ಮಾತನ್ನು ಇಲ್ಲಿಯೇ ಹೇಳುತ್ತೇನೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಕಸೂತಿಯ ಕನ್ನಡಿ ಮತ್ತು ಕವಡೆಗಳ ಸುತ್ತ ಧೂಳು ಕೂತರೆ ತೆಗೆಯುವುದು ಬಲು ಕಷ್ಟ. ಅದನ್ನು ಸೋಫಾದ ದಿಂಬಿಗೆ ಹೊದಿಸಿದರೆ ಸೀರೆಯ ಎಳೆಗಳೂ ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಗಾಜಿನ ಚೌಕಟ್ಟಿನೊಳಗೆ ಸೇರಿಸಿ ಗೋಡೆಯ ಮೇಲೆ ತೂಗುಹಾಕಿ.

ಪ್ರಶ್ನೆ: ಮನೆಗೆ ಎರಡು ವರ್ಷವಾಗಿದೆ. ಗೋಡೆಗಳಲ್ಲಿ ಸಣ್ಣ ಬಿರುಕುಗಳಿವೆ. ವಾಲ್‌ಪೇಪರ್ ಅಂಟಿಸಿ ಮುಚ್ಚಬಹುದೇ?
— ಓದುಗರು, ಮಾನ್ವಿ

ಉತ್ತರ: ಬೇಡ. ನಿಮ್ಮದು ಎರೆಮಣ್ಣಿನ ಸೀಮೆ. ಆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಬಿರುಕು ಋತುವಿಗೆ ತಕ್ಕಂತೆ ಅಗಲವಾಗುತ್ತದೆ, ಕಿರಿದಾಗುತ್ತದೆ. ಬಿರುಕಿನ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ ತಾರೀಕು ಬರೆದು, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಾಯಿರಿ. ಗುರುತನ್ನು ದಾಟಿ ಬೆಳೆದರೆ ಅಥವಾ ಓರೆಯಾಗಿ ಕಿಟಕಿಯ ಮೂಲೆಯಿಂದ ಹೊರಟಿದ್ದರೆ ಅದು ಒಳಾಂಗಣದವರ ಕೆಲಸವಲ್ಲ, ಕಟ್ಟಡದ ಎಂಜಿನಿಯರರಿಗೆ ತೋರಿಸಿ.

ಪ್ರಶ್ನೆ: ಹಳೆಯ ಮಾಳಿಗೆ ಮನೆಯನ್ನು ಇಳಿಸಿ ಹೊಸದು ಕಟ್ಟುತ್ತಿದ್ದೇವೆ. ಸಾಗುವಾನಿಯ ನಾಲ್ಕು ಕಂಬ, ತಲೆಬಾಗಿಲಿನ ಚೌಕಟ್ಟು ಉಳಿದಿವೆ. ತಾಯಿಯವರ ಕಿನ್ನಾಳದ ಗೊಂಬೆಗಳೂ ಇವೆ. ಹೊಸ ಮನೆಯಲ್ಲಿ ಇವನ್ನು ಹೇಗೆ ಬಳಸಬಹುದು?
— ನಿವೃತ್ತ ಶಿಕ್ಷಕರು, ಕೊಪ್ಪಳ

ಉತ್ತರ: ನಾಲ್ಕೂ ಕಂಬಗಳನ್ನು ಪಡಸಾಲೆಯಲ್ಲಿ ನಿಲ್ಲಿಸುವ ಆಸೆ ಸಹಜ. ಆದರೆ ಭಾರ ಹೊರದ ಕಂಬಗಳು ನಾಲ್ಕಾದರೆ ಕೋಣೆ ಮದುವೆ ಮಂಟಪದಂತೆ ಕಾಣುತ್ತದೆ. ಪಡಸಾಲೆಗೂ ಊಟದ ಜಾಗಕ್ಕೂ ನಡುವೆ ಎರಡನ್ನು ನಿಲ್ಲಿಸಿ, ಉಳಿದೆರಡನ್ನು ಸೀಳಿಸದೆ ಹೊರಗಿನ ಕಟ್ಟೆಗೆ ಬಳಸಿ; ಅಲ್ಲಿ ಅವು ಜಂತಿಗಳನ್ನು ಹೊತ್ತು ನಿಜವಾಗಿ ದುಡಿಯಲಿ. ತಲೆಬಾಗಿಲಿನ ಚೌಕಟ್ಟು ದೇವರ ಮನೆಗೆ ಒಪ್ಪುತ್ತದೆ, ಹಳೆಯ ಹೊಸ್ತಿಲು ಹಾಗೆಯೇ ಇರಲಿ. ಕೂರಿಸುವ ಮೊದಲು ಮಣ್ಣಿನಲ್ಲಿ ಹೂತಿದ್ದ ತುದಿಗಳನ್ನು ಕೊಯ್ದು ಗೆದ್ದಲು ನೋಡಿ, ಗೆದ್ದಲು ನಿರೋಧಕ ಹಚ್ಚಿಸಿ, ಕಂಬದ ಬುಡವನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸಿ. ಹಳೆಯ ಬಣ್ಣವನ್ನು ತೆಗೆದು ಎಣ್ಣೆ ಹಚ್ಚಿದರೆ ಸಾಕು, ಹೊಳಪಿನ ಪಾಲಿಷ್ ಬೇಕಿಲ್ಲ.

ಕಿನ್ನಾಳದ ಗೊಂಬೆಗಳು ಹಗುರ ಮರದವು. ಹುಣಸೆಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸಿ, ಮೇಲೆ ಲೇಪ ಬಳಿದು ಚಿತ್ರಗಾರರು ಬಣ್ಣ ಹಾಕಿರುತ್ತಾರೆ. ಹೀಗಾಗಿ ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ, ಒದ್ದೆ ಬಟ್ಟೆಗೆ ಲೇಪವೇ ಬಿಡಬಹುದು. ಒಣ ಕುಂಚದಿಂದ ಧೂಳು ತೆಗೆಯಿರಿ. ಗೋಡೆಯೊಳಗೆ ಒಂದು ಅಡಿ ಆಳದ ಗೂಡು ಮಾಡಿಸಿ, ಹಿಂದಿನ ಗೋಡೆಗೆ ಗಾಢ ನೀಲಿಯನ್ನೋ ಸುಣ್ಣದ ಬಿಳಿಯನ್ನೋ ಕೊಡಿ. ಅವುಗಳ ಕೆಂಪು, ಹಳದಿ, ಹಸಿರು ತಾವಾಗಿಯೇ ಎದ್ದು ಕಾಣುತ್ತವೆ. ಮೇಲಿನಿಂದ 2700 ಅಥವಾ 3000 ಕೆಲ್ವಿನ್ನಿನ (ಬೆಳಕಿನ ಛಾಯೆಯ ಅಳತೆ, ದೀಪದ ಪೊಟ್ಟಣದ ಮೇಲಿರುತ್ತದೆ) ಹಳದಿ ಛಾಯೆಯ ಎಲ್‌ಇಡಿ ದೀಪವಿರಲಿ. 6500ರ ಬಿಳಿ ದೀಪದಲ್ಲಿ ಅದೇ ಬಣ್ಣಗಳು ಅಂಗಡಿಯ ಪ್ಲಾಸ್ಟಿಕ್ಕಿನಂತೆ ಕಾಣುತ್ತವೆ.

ಪ್ರಶ್ನೆ: ಕಪಾಟು ಮತ್ತು ಟಿ.ವಿ. ಗೋಡೆಗೆ ಇಬ್ಬರು ಬಡಗಿಗಳು ಚದರ ಅಡಿಯ ಲೆಕ್ಕದಲ್ಲಿ ದರ ಹೇಳಿದ್ದಾರೆ. ಎರಡರ ನಡುವೆ ಬಹಳ ಅಂತರವಿದೆ. ಯಾರನ್ನು ನಂಬುವುದು?
— ಓದುಗರು, ಬಳ್ಳಾರಿ

ಉತ್ತರ: ದರವನ್ನು ಹೋಲಿಸುವ ಮೊದಲು ಚದರ ಅಡಿಯನ್ನು ಹೇಗೆ ಅಳೆಯುತ್ತಾರೆಂದು ಕೇಳಿ. ಒಬ್ಬರು ಕಪಾಟಿನ ಮುಂಭಾಗದ ಉದ್ದ ಮತ್ತು ಎತ್ತರವನ್ನಷ್ಟೇ ಗುಣಿಸುತ್ತಾರೆ. ಇನ್ನೊಬ್ಬರು ಒಳಗಿನ ಹಲಗೆ, ಪಕ್ಕ, ಡ್ರಾಯರ್ ಎಲ್ಲವನ್ನೂ ಬಿಡಿಬಿಡಿಯಾಗಿ ಕೂಡಿಸುತ್ತಾರೆ. ಎರಡನೆಯವರ ದರ ಕಡಿಮೆಯೆಂದು ಕಂಡರೂ ಕೊನೆಯ ಬಿಲ್ಲು ದೊಡ್ಡದಾಗಬಹುದು. ಪ್ಲೈವುಡ್ ಯಾವ ದರ್ಜೆಯದೆಂಬುದನ್ನೂ ಬರೆಸಿಕೊಳ್ಳಿ. ಒಣ ಕೋಣೆಗೆ ಐ.ಎಸ್. (ಭಾರತೀಯ ಮಾನಕ) 303ರ ಎಂ.ಆರ್. ದರ್ಜೆ, ಅಂದರೆ ತೇವ ತಡೆಯುವಂಥದು ಸಾಕು, ಅಡುಗೆಮನೆ, ಬಚ್ಚಲಿನ ಗೋಡೆಗೆ ನೀರನ್ನೇ ತಡೆಯುವ ಐ.ಎಸ್. 710 ಮುದ್ರೆಯದೇ ಬೇಕು. ಪೆಟ್ಟಿಗೆಗೆ 18 ಮಿಲಿಮೀಟರ್, ಬೆನ್ನಿಗೆ 6 ಮಿಲಿಮೀಟರ್ ದಪ್ಪವೆಂದು ಕಾಗದದ ಮೇಲೆ ಇರಲಿ. ಹಲಗೆ ಮನೆಗೆ ಬಂದ ದಿನ, ಕೊಯ್ಯುವ ಮೊದಲು, ಮುದ್ರೆಯನ್ನು ನೀವೇ ನೋಡಿ. ಲ್ಯಾಮಿನೇಟ್ ಅಂಟಿದ ಮೇಲೆ ಎಲ್ಲ ಪ್ಲೈವುಡ್ಡೂ ಒಂದೇ ಆಗಿ ಕಾಣುತ್ತದೆ.

ಟಿ.ವಿ. ಗೋಡೆಯನ್ನು ನೆಲದಿಂದ ಸೂರಿನವರೆಗೆ ಫಲಕಗಳಿಂದ ತುಂಬಿಸುವ ಗೀಳನ್ನು ಬಿಡಿ. ಕುಳಿತವರ ಕಣ್ಣಿನ ಮಟ್ಟಕ್ಕೆ, ಅಂದರೆ ಸುಮಾರು ಮೂರೂವರೆ ಅಡಿ ಎತ್ತರಕ್ಕೆ ಪರದೆಯ ನಡುಭಾಗ ಬಂದರೆ ಕುತ್ತಿಗೆ ನೋಯುವುದಿಲ್ಲ; ಕೆಳಗೆ ಒಂದು ಉದ್ದನೆಯ ಪೆಟ್ಟಿಗೆ, ತಂತಿಗಳು ಹಾಯಲು ಗೋಡೆಯಲ್ಲಿ ಎರಡು ಅಂಗುಲದ ಪೈಪ್ ಇದ್ದರೆ ಕೆಲಸ ಮುಗಿಯಿತು. ಅಲ್ಲಿ ಉಳಿಯುವ ಹಣವನ್ನು ಕಪಾಟಿನ ಕೀಲು ಮತ್ತು ಚಾನೆಲ್‌ಗಳಿಗೆ ಹಾಕಿ. ಇಬ್ಬರಲ್ಲಿ ಯಾರು ಇವುಗಳ ಮಾದರಿಯನ್ನು ಮೊದಲೇ ತಂದು ತೋರಿಸಿ, ಅದನ್ನೇ ಕರಾರಿನಲ್ಲಿ ಬರೆದುಕೊಡಲು ಒಪ್ಪುತ್ತಾರೋ ಅವರಿಗೆ ಕೆಲಸ ಕೊಡಿ.