ಲಿವರ್‌ಗೆ ‘ಶ್ಯೂ’, ಕಿಡ್ನಿಗೆ ‘ಚುಯ್’

ಪ್ರಶ್ನೆ: ಚೀನಾದವರ ಚಿಗೋಂಗ್ (ಉಸಿರು, ನಿಧಾನ ಚಲನೆಯ ವ್ಯಾಯಾಮ) ಕಲಿಯುವ ಆಸೆ. ಅವರ ಐದು ತತ್ವ ನಮ್ಮ ಪಂಚಭೂತವೇ ಅಲ್ವಾ? ನನಗೆ 58 ವರ್ಷ, ಬಿಪಿ ಇದೆ. ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ. ಅವರಲ್ಲಿ ಗಾಳಿ, ಆಕಾಶ ಇಲ್ಲ. ಮರ, ಬೆಂಕಿ, ಮಣ್ಣು, ಲೋಹ, ನೀರು. ಈ ಐದಕ್ಕೆ ಅವರು ‘ವೂ ಶಿಂಗ್’ ಎನ್ನುತ್ತಾರೆ. ‘ವೂ’ ಎಂದರೆ ಐದು, ‘ಶಿಂಗ್’ ಎಂದರೆ ನಡೆ. ಮರ ಉರಿದರೆ ಬೆಂಕಿ, ಬೆಂಕಿ ಆರಿದರೆ ಬೂದಿ, ಅದೇ ಮಣ್ಣು. ಹೀಗೆ ಒಂದು ಇನ್ನೊಂದಾಗುತ್ತಾ ಹೋಗುತ್ತದೆ.

ಬೀಜಿಂಗ್‌ನಲ್ಲಿ ಕೆಲಸಕ್ಕಿದ್ದಾಗ ತಿಯಾನ್‌ತಾನ್ ಪಾರ್ಕಿನಲ್ಲಿ ಒಬ್ಬರು ಅಜ್ಜಿಯಿಂದ ನಾನು ‘ಲಿಯು ಝಿ ಜುಯೆ’ ಎಂಬ ಚಿಗೋಂಗ್ ಕಲಿತೆ. ಉಸಿರು ಬಿಡುವಾಗ ಆರು ಸದ್ದು. ಅವರ ಲೆಕ್ಕದಲ್ಲಿ ಒಂದೊಂದು ತತ್ವಕ್ಕೂ ಒಂದೊಂದು ಅಂಗ. ಉದಾಹರಣೆಗೆ, ಮರಕ್ಕೆ ಸೇರಿದ ಲಿವರ್‌ಗೆ ‘ಶ್ಯೂ’, ಬೆಂಕಿಯ ಹೃದಯಕ್ಕೆ ‘ಹ’, ಲೋಹದ ಶ್ವಾಸಕೋಶಕ್ಕೆ ‘ಸ್ಸ್’, ನೀರಿನ ಕಿಡ್ನಿಗೆ ‘ಚುಯ್’. ಆದರೆ ಎರಡು ವಾರ ಅಜ್ಜಿ ಸದ್ದನ್ನೇ ಹೇಳಿಕೊಡಲಿಲ್ಲ! ಮಂಡಿ ಸ್ವಲ್ಪ ಬಗ್ಗಿಸಿ ಸುಮ್ನೆ ನಿಲ್ಲಿಸಿದರು. ತೊಡೆ ಗಡಗಡ ನಡುಗುತ್ತಿತ್ತು.

ನೀವೂ ಹಾಗೇ ಶುರು ಮಾಡಿ, ದಿನಕ್ಕೆ ಐದು ನಿಮಿಷ. ಉಸಿರು ಕಟ್ಟಬೇಡಿ. ತಲೆ ಸುತ್ತಿದರೆ ಕೂತುಬಿಡಿ. ಸದ್ದಿನಿಂದ ಲಿವರ್ ಸರಿಹೋಗುತ್ತದೆ ಎಂದು ನಾನಂತೂ ನಂಬುವುದಿಲ್ಲ. ನಿದ್ದೆ ಮಾತ್ರ ಚೆನ್ನಾಗಿ ಬಂತು. ಬಿಪಿ ಮಾತ್ರೆ ಬಿಡಬೇಡಿ, ಡಾಕ್ಟರಿಗೂ ಒಂದು ಮಾತು ಹೇಳಿಡಿ.