ಚುನಾವಣೆಗೆ ನಿಲ್ಲದವರ ಮಾತನ್ನು ಸರ್ಕಾರ ಯಾಕೆ ಕೇಳುತ್ತದೆ?

ಸಂಘಟನೆಗಳು, ಉದ್ಯಮಿಗಳ ಒಕ್ಕೂಟಗಳು ಚುನಾವಣೆಗೆ ನಿಲ್ಲುವುದಿಲ್ಲ, ಆದರೂ ಸರ್ಕಾರ ಅವರಿಗೆ ಮಣಿಯುವುದು ಹೇಗೆ ಎಂದು ಕೇಳಿದ್ದೀರಿ. ಮನವಿ, ಧರಣಿ, ಪ್ರಚಾರ, ಕೋರ್ಟು ಅಂತ ಪಠ್ಯಪುಸ್ತಕದಲ್ಲಿ ದಾರಿಗಳೇನೋ ಇರುತ್ತವೆ. ನಾನು ಮೊದಲು ನೋಡುವುದು ಬೇರೆ: ಇವರ ಮಾತು ಕೇಳದಿದ್ದರೆ ಸರ್ಕಾರಕ್ಕೆ ಏನು ನಷ್ಟ? ಆ ನಷ್ಟ ಎಷ್ಟು ಬೇಗ ಕಾಣುತ್ತದೆ?

2024ರ ಜುಲೈ ನೆನಪಿದೆಯಾ? ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೇ ಇರಬೇಕು ಎಂಬ ಮಸೂದೆಗೆ 15ರಂದು ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯೋಗದಲ್ಲಿ ಕನ್ನಡಿಗರಿಗೆ ಆದ್ಯತೆ ಕೊಡಿ ಎಂದ ಸರೋಜಿನಿ ಮಹಿಷಿ ವರದಿ ಜಾರಿ ಮಾಡಿ ಎಂದು ಕನ್ನಡ ಸಂಘಟನೆಗಳು ಎಂಬತ್ತರ ದಶಕದಿಂದ ಕೂಗಿದ್ದಕ್ಕೆ ಸಿಕ್ಕ ಫಲ ಇದು. ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಮ್ ಒಂದು ಹೇಳಿಕೆ ಕೊಟ್ಟಿತು, ಕಂಪನಿಗಳು ಬೇರೆ ಕಡೆ ಹೋಗಬೇಕಾದೀತು ಎಂದಿತು. ಆಂಧ್ರದ ಸಚಿವ ನಾರಾ ಲೋಕೇಶ್ ಬಿಡ್ತಾರಾ, ವಿಶಾಖಪಟ್ಟಣಕ್ಕೆ ಬನ್ನಿ ಎಂದು ಕರೆದೇಬಿಟ್ಟರು. 17ರ ಸಂಜೆಯ ಹೊತ್ತಿಗೆ ಸರ್ಕಾರವೇ ಮಸೂದೆಯನ್ನು ತಡೆಹಿಡಿಯಿತು. ಕಂಪನಿಗಳ ಕಡೆಯಿಂದ ಬೀದಿಗೆ ಒಬ್ಬರೂ ಇಳಿಯಲಿಲ್ಲ. ಹೂಡಿಕೆ ಕೈತಪ್ಪುವ ಭಯವೊಂದೇ ಸಾಕಾಯಿತು. ಇದು ನ್ಯಾಯವೋ ಅಲ್ಲವೋ ಬೇರೆ ಮಾತು, ನನಗಂತೂ ಆ ವೇಗ ನೋಡಿ ಬೇಜಾರಾಯಿತು.

ಅಂಥ ಬಲ ಇಲ್ಲದವರು ಏನು ಮಾಡಬೇಕು? 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆ ತಡೆದರು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ನಿಯಮ ತಂದಿತ್ತು. ಕೆಲಸ ಬಿಟ್ಟಾಗ ಸಾಲಕ್ಕೋ ಮಕ್ಕಳ ಫೀಸಿಗೋ ಅವರ ಕೈಗೆ ಬರುವ ದುಡ್ಡು ಹೆಚ್ಚುಕಡಿಮೆ ಅದೊಂದೇ. ದೊಡ್ಡ ಯೂನಿಯನ್ ಕರೆ ಕೊಟ್ಟಿರಲಿಲ್ಲ, ಮುಂದೆ ನಿಂತ ನಾಯಕರೂ ಇರಲಿಲ್ಲ. ಎರಡನೇ ದಿನ, 19ರಂದು, ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ನಿಯಮ ವಾಪಸ್ ಎಂದರು. ಇಲ್ಲೂ ಎರಡೇ ದಿನ ಅನ್ನಬಹುದು. ಆದರೆ ಇವರು ಲಾಠಿ ಏಟು, ಪೊಲೀಸ್ ಕೇಸು ಎರಡನ್ನೂ ಅನುಭವಿಸಬೇಕಾಯಿತು. ನಾಸ್ಕಾಮ್‌ಗೆ ಖರ್ಚಾದದ್ದು ಒಂದು ಹಾಳೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದ ತನಕ ಉಕ್ಕಿನ ಸೇತುವೆ ಬೇಡ ಎಂದು ಜನ ಮಾನವ ಸರಪಳಿ ಮಾಡಿದರು. 6.7 ಕಿ.ಮೀ. ಉದ್ದ, 1,791 ಕೋಟಿ ರೂಪಾಯಿ ಖರ್ಚು, 812 ಮರಗಳಿಗೆ ಕೊಡಲಿ. ಸರಪಳಿ ನೋಡಿ ಸರ್ಕಾರ ಕರಗಿತು ಎಂದು ಈಗಲೂ ಹಲವರು ಹೇಳುತ್ತಾರೆ. ಅಷ್ಟು ಸುಲಭ ಇರಲಿಲ್ಲ. ಮೊದಲು ಪರಿಸರದ ಪ್ರಕರಣ ನೋಡುವ ಹಸಿರು ನ್ಯಾಯಮಂಡಳಿ ತಡೆಯಾಜ್ಞೆ ಕೊಟ್ಟಿತು. ಆಮೇಲೆ ವಿರೋಧ ಪಕ್ಷ ಲಂಚದ ಆರೋಪ ಹಿಡಿದು ಕೂತಿತು. 2017ರ ಮಾರ್ಚ್ 2ರಂದು ಯೋಜನೆ ಕೈಬಿಟ್ಟಾಗ ಸಚಿವ ಕೆ.ಜೆ. ಜಾರ್ಜ್ ಕೊಟ್ಟ ಕಾರಣವೂ ಆ ಆರೋಪಗಳೇ. ಮುಂದಿನ ವರ್ಷ ವಿಧಾನಸಭೆ ಚುನಾವಣೆ ಇತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.