ಬಣ್ಣ ಮೊದಲೋ, ಎಂಜಿನ್ ಮೊದಲೋ?

ಪ್ರಶ್ನೆ: ಎರಡನೇ ಮಹಾಯುದ್ಧ ಕಾಲದ ಜೀಪ್ ಕೊಂಡಿದ್ದೇನೆ. ವಿಲ್ಲಿಸ್ ಕಂಪನಿಯದು ಎಂದು ಹೇಳಿ ಮಾರಿದರು. ಎಂಜಿನ್ ತಿರುಗುತ್ತಿಲ್ಲ. ಮೊದಲು ಬಣ್ಣ ಹೊಡೆಸಿಬಿಡಲೇ?

ಉತ್ತರ: ಬಣ್ಣದ ಡಬ್ಬಿಯನ್ನು ಮುಚ್ಚಿಡಿ ಮಾರಾಯರೇ. ಮೊದಲು ರೇಡಿಯೇಟರ್ ಕೆಳಗಿನ ಚಾಸಿಯ ಅಡ್ಡಪಟ್ಟಿ ನೋಡಿ. ದುಂಡನೆಯ ಕೊಳವೆಯಾದರೆ ವಿಲ್ಲಿಸ್, ಬೋರಲು ಹಾಕಿದ ತೊಟ್ಟಿಯಂತಿದ್ದರೆ ಫೋರ್ಡ್. ಯುದ್ಧಕಾಲದಲ್ಲಿ ಇಬ್ಬರೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪ್ ತಯಾರಿಸಿದರು, ಬಿಡಿಭಾಗಗಳು ಪರಸ್ಪರ ಹೊಂದುತ್ತವೆ. ಹಾಗಾಗಿ ಒಂದರ ಚಾಸಿಗೆ ಇನ್ನೊಂದರ ಬಾಡಿ ಕೂತಿರುವುದು ಮಾಮೂಲು. ಬೋಲ್ಟ್ ತಲೆಯ ಮೇಲೆ ‘ಎಫ್’ ಕಂಡರೆ ಅದು ಫೋರ್ಡ್‌ನದು. ಬೆರಕೆ ಗಾಡಿಯೂ ನನಗೆ ಇಷ್ಟವೇ. ಮಾರುವವರ ಮಾತು ಮಾತ್ರ ಇಷ್ಟವಿಲ್ಲ.

ಎಂಜಿನ್ 2.2 ಲೀಟರಿನದು, ನಾಲ್ಕು ಸಿಲಿಂಡರ್. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ತೆಳು ಎಣ್ಣೆ ಬಿಟ್ಟು ಕೆಲವು ದಿನ ನೆನೆಯಲು ಬಿಡಿ. ಆಮೇಲೆ ಎಂಜಿನ್ ತಿರುಗಿಸುವ ಹ್ಯಾಂಡಲನ್ನು ಗಾಡಿಯ ಮುಂಭಾಗದಿಂದ ಹಾಕಿ, ಕೈಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ಅಲುಗಿಸಿ. ಇನ್ನೊಂದು ವಾಹನಕ್ಕೆ ಕಟ್ಟಿ ಎಳೆಸಿದಿರೋ, ಪಿಸ್ಟನ್ ರಿಂಗ್ ಮುರಿದವೆಂದೇ ತಿಳಿಯಿರಿ. ಬ್ಯಾಟರಿ 6 ವೋಲ್ಟಿನದೇ ಇರಲಿ. 12 ಕೊಟ್ಟರೆ ಮೂಲ ಬಲ್ಬುಗಳು ಸುಟ್ಟುಹೋಗುತ್ತವೆ.

ಬ್ರೇಕಿಗೆ ಒಂದೇ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಭಾಗ), ಒಂದೇ ಕೊಳವೆ ಜಾಲ. ಎಲ್ಲೇ ಸೋರಿದರೂ ನಾಲ್ಕು ಚಕ್ರಗಳ ಹಿಡಿತವೂ ತಪ್ಪುತ್ತದೆ. ರಬ್ಬರ್ ಭಾಗಗಳನ್ನೆಲ್ಲ ಬದಲಿಸದೆ ರಸ್ತೆಗಿಳಿಸಬೇಡಿ.

ಇನ್ನೊಂದು ಮಾತು: ಪೆಟ್ರೋಲ್ ಟ್ಯಾಂಕ್ ಇರುವುದು ಚಾಲಕನ ಸೀಟಿನಡಿ. ಅಲ್ಲಿನ ತುಕ್ಕು ಹಿಡಿದ ತಗಡಿಗೆ ವೆಲ್ಡಿಂಗ್ ಮಾಡಿಸುವ ಮುನ್ನ ಟ್ಯಾಂಕನ್ನು ಹೊರಗೆ ತೆಗೆದಿಡಿ, ಖಾಲಿಯಿದ್ದರೂ ಸರಿ. ಸಿಡಿಯುವುದು ಆವಿ.